ಹೊಸ ಫೋನು, ಹಳೇ ಅವಸರ

ಹೊಸ ಫೋನು ಬಂದ ದಿನ ಮನೆಯಲ್ಲಿ ಎಲ್ಲರೂ ಇಂಜಿನಿಯರುಗಳೇ. ಒಬ್ಬರು ಡಬ್ಬದ ಸೀಲು ಕೀಳುತ್ತಾರೆ. ಇನ್ನೊಬ್ಬರು ಅರಿಶಿನ ಕುಂಕುಮ ಹಚ್ಚಲು ಫೋನಿನ ಮೇಲೆ ಜಾಗ ಹುಡುಕುತ್ತಾರೆ. ಮೂರನೆಯವರು ಹಳೇ ಫೋನಿನಿಂದ ಸಿಮ್ಮು ಕಿತ್ತು ಕೈಯಲ್ಲಿ ಹಿಡಿದು ತಯಾರಾಗಿ ನಿಂತಿರುತ್ತಾರೆ. ಮುಂದೆ ಆಗುವ ಎಡವಟ್ಟುಗಳಲ್ಲಿ ಹೆಚ್ಚಿನವು ಈ ಮೂರನೆಯವರ ಖಾತೆಗೆ ಜಮಾ. ಹೊಸ ಫೋನಿನಲ್ಲಿ ಮಾಡಲೇಬಾರದ ಕೆಲಸ ಅಂತ ಹೆಚ್ಚೇನಿಲ್ಲ. ಆಮೇಲೆ ಮಾಡಬೇಕಾದ್ದನ್ನು ಮೊದಲು ಮಾಡಿದಾಗ ಕೆಡುವುದೇ ಜಾಸ್ತಿ.

ಕುಂಕುಮದ ವಿಷಯ ಮೊದಲು ಮುಗಿಸೋಣ. ಡಬ್ಬಕ್ಕೆ ಹಚ್ಚಿ ಸಾಕು. ಸ್ಪೀಕರಿನ ಜಾಲರಿಯೊಳಗೆ ಹೋದ ಕುಂಕುಮವನ್ನು ಯಾವ ಸರ್ವೀಸ್ ಸೆಂಟರಿನವರೂ ವಾರಂಟಿಗೆ ಸೇರಿಸುವುದಿಲ್ಲ. ಡಬ್ಬವನ್ನಂತೂ ಹೇಗೂ ಎತ್ತಿಡಬೇಕು, ಫೋನಿನ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ನಂಬರು ಇರುವುದು ಅದರ ಮೇಲೆ. *#06# ಒತ್ತಿದರೂ ಆ ನಂಬರು ಬರುತ್ತದೆ ನಿಜ. ಆದರೆ ಫೋನು ಬಸ್ಸಿನಲ್ಲೇ ಉಳಿದು ನೀವು ಮೆಜೆಸ್ಟಿಕ್ಕಿನಲ್ಲಿ ಇಳಿದ ಮೇಲೆ ಎಲ್ಲಿ ಒತ್ತುತ್ತೀರಿ? ಪೊಲೀಸ್ ದೂರು ಕೊಡುವುದಕ್ಕೂ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್ಲಿನಲ್ಲಿ ಫೋನನ್ನು ಬ್ಲಾಕ್ ಮಾಡಿಸುವುದಕ್ಕೂ ಅದೇ ನಂಬರು ಬೇಕು. ಬಿಲ್ಲನ್ನೂ ಡಬ್ಬದೊಳಗೇ ಹಾಕಿಡಿ. ಡಬ್ಬದಲ್ಲಿ ಹಳೇ ನಾಣ್ಯ, ಗುಂಡಿ, ರಬ್ಬರ್ ಬ್ಯಾಂಡ್ ತುಂಬಿಸುವ ಹಕ್ಕು ಒಂದು ವರ್ಷದ ವಾರಂಟಿ ಮುಗಿದ ಮೇಲೆ ಮನೆಯವರಿಗೆ ಬರುತ್ತದೆ.

ಇನ್ನು ಸಿಮ್ಮು. ಟ್ರೇ ತೆಗೆಯುವ ಪುಟ್ಟ ಪಿನ್ನು ಡಬ್ಬದಲ್ಲೇ ಬಂದಿರುತ್ತದೆ. ಕಾಗದದ ಕವರಿನ ಒಳಮಡಿಕೆಯಲ್ಲಿ ಸಿಕ್ಕಿಸಿಟ್ಟಿರುವುದರಿಂದ ಯಾರಿಗೂ ಕಾಣುವುದಿಲ್ಲ, ಮನೆಯೆಲ್ಲ ಸೇಫ್ಟಿಪಿನ್ನಿಗೆ ಹುಡುಕಾಟ ನಡೆಯುತ್ತದೆ. ಪಿನ್ನು ಸಿಕ್ಕ ಮೇಲೆ ತೂತಿನ ಪ್ರಶ್ನೆ. ಫೋನಿನ ಅಂಚಿನಲ್ಲಿ ಎರಡು ಮೂರು ತೂತುಗಳಿರುತ್ತವೆ. ಚಾರ್ಜರ್ ಜಾಗದ ಪಕ್ಕದ್ದು ಮೈಕು. ಮೇಲಂಚಿನದು ಸುತ್ತಲಿನ ಗದ್ದಲ ತಗ್ಗಿಸುವ ಇನ್ನೊಂದು ಮೈಕು. ಅಲ್ಲಿ ಚುಚ್ಚಿದರೆ ಟ್ರೇ ಬರುವುದಿಲ್ಲ. ಅವತ್ತಿನಿಂದ ಆ ಕಡೆಯವರು ಮಾತ್ರ "ಹಲೋ, ಕೇಳಿಸ್ತಿಲ್ಲ ಕಣ್ರೀ, ಜೋರಾಗಿ ಮಾತಾಡಿ" ಅನ್ನತೊಡಗುತ್ತಾರೆ. ಸುತ್ತಲೂ ಟ್ರೇಯ ಉದ್ದನೆ ಗೆರೆ ಇರುವ ತೂತು ಮಾತ್ರ ಸಿಮ್ಮಿನದು ಅಂತ ಗುರುತಿಟ್ಟುಕೊಳ್ಳಿ. ಪಿನ್ನನ್ನು ನೇರವಾಗಿ ಒತ್ತಿದರೆ ಟ್ರೇ ಒಂದು ಎಳೆಯಷ್ಟು ಮುಂದೆ ಬರುತ್ತದೆ, ಉಳಿದದ್ದನ್ನು ಉಗುರಿನಲ್ಲಿ ಎಳೆದುಕೊಳ್ಳಬೇಕು. ಟ್ರೇಯ ಒಂದು ಮೂಲೆ ಕತ್ತರಿಸಿದಂತಿರುತ್ತದೆ, ಸಿಮ್ಮಿನದೂ ಹಾಗೇ. ಎರಡು ಮೂಲೆ ಹೊಂದದಿದ್ದರೆ ಒತ್ತಡ ಹಾಕಬೇಡಿ.

ಕೆಲವರ ಸಿಮ್ಮು ಕೀಪ್ಯಾಡ್ ಫೋನಿನ ಕಾಲದ್ದು, ಅಂಗಡಿಯ ಕಟ್ಟರಿನಲ್ಲಿ ಕತ್ತರಿಸಿಕೊಂಡು ಬಂದದ್ದು. ಈಗಿನ ನ್ಯಾನೋ ಸಿಮ್ಮಿನ ಅಳತೆ 12.3 ಮಿಲಿಮೀಟರ್‌ಗೆ 8.8 ಮಿಲಿಮೀಟರ್, ದಪ್ಪ 0.67. ಹಳೇ ಸಿಮ್ಮಿನ ದಪ್ಪ 0.76. ಅಂಗಡಿಯ ಹುಡುಗ ಉದ್ದಗಲ ಕತ್ತರಿಸಬಲ್ಲ, ದಪ್ಪ ಕೆತ್ತಲಾರ. ಅಂಥ ಸಿಮ್ಮು ಒಳಗೆ ಹೋಗುವಾಗ ಉಸಿರು ಬಿಗಿಹಿಡಿದು ಹೋಗುತ್ತದೆ, ಆಮೇಲೆ ಹೊರಗೆ ಬರಲು ಒಲ್ಲೆ ಅನ್ನುತ್ತದೆ. ಬದಲಿ ಸಿಮ್ಮು ತೆಗೆದುಕೊಳ್ಳುವುದು ಒಳ್ಳೆಯದು, ಆದರೆ ಫೋನು ಕೊಳ್ಳುವುದಕ್ಕೆ ಒಂದೆರಡು ದಿನ ಮುಂಚೆಯೇ ತೆಗೆದುಕೊಳ್ಳಿ. ಸಿಮ್ಮು ಬದಲಿಸಿ ವಂಚಿಸುವವರನ್ನು ತಡೆಯಲು ದೂರಸಂಪರ್ಕ ಇಲಾಖೆ ಮಾಡಿರುವ ನಿಯಮದಂತೆ, ಬದಲಿ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಅದರಿಂದ ಹೋಗುವುದೂ ಇಲ್ಲ. ಎಸ್ಸೆಮ್ಮೆಸ್ ಇಲ್ಲದಿದ್ದರೆ ಓಟಿಪಿ ಇಲ್ಲ, ಓಟಿಪಿ ಇಲ್ಲದಿದ್ದರೆ ಬ್ಯಾಂಕೂ ಇಲ್ಲ. ಆ ಒಂದು ದಿನ ನಿಮ್ಮ ಕೈಯಲ್ಲಿರುವುದು ಇಪ್ಪತ್ತು ಸಾವಿರ ರೂಪಾಯಿಯ ಟಾರ್ಚು.

ಮುಂದಿನ ಅವಸರ ಬೆರಳಚ್ಚಿನದು. ಫೋನು ಕೇಳಿದ ತಕ್ಷಣ ಬೆರಳು ಕೊಟ್ಟು, ಸಂಜೆ ಅಂಗಡಿಗೆ ಹೋಗಿ ಟೆಂಪರ್ಡ್ ಗ್ಲಾಸ್ ಹಾಕಿಸಿಕೊಂಡು ಬರುತ್ತಾರೆ. ರಾತ್ರಿಯಿಂದ ಫೋನು ಯಜಮಾನರನ್ನೇ ಗುರುತಿಸುವುದಿಲ್ಲ. ಬೆರಳಚ್ಚಿನ ಸೆನ್ಸರ್ ಪರದೆಯ ಅಡಿಯಲ್ಲೇ ಇರುವ ಫೋನುಗಳಲ್ಲಿ ಮೇಲೊಂದು ಗಾಜು ಬಂದರೆ ಅದಕ್ಕೆ ಕಾಣುವ ಚಿತ್ರವೇ ಬೇರೆ. ಆದ್ದರಿಂದ ಗ್ಲಾಸು ಮೊದಲು, ಬೆರಳು ಆಮೇಲೆ. ತೆಂಗಿನಕಾಯಿ ತುರಿದು, ಪಾತ್ರೆ ತಿಕ್ಕಿ ರೇಖೆ ಸವೆದ ಕೈಗಳಿಗೆ ಒಂದೇ ಬೆರಳನ್ನು ಎರಡು ಸಲ ನೋಂದಾಯಿಸುವುದು ಒಳ್ಳೆಯದು. ಒದ್ದೆ ಕೈಯಲ್ಲಿ ನೋಂದಾಯಿಸಬೇಡಿ. ಎಷ್ಟು ಬೆರಳು ಕೊಟ್ಟರೂ ಫೋನು ಆಫ್ ಆಗಿ ಆನ್ ಆದ ಮೇಲೆ ಮೊದಲ ಸಲ ಬೀಗ ತೆಗೆಯುವ ಅಂಕಿ, ಅಂದರೆ ಪಿನ್, ಕೇಳಿಯೇ ಕೇಳುತ್ತದೆ. "ಬೆರಳಿದೆಯಲ್ಲ, ಪಿನ್ ಯಾಕೆ ನೆನಪಿಟ್ಕೋಬೇಕು" ಅಂದವರು ಫೋನು ಹಿಡಿದು ಅಂಗಡಿ ಮುಂದೆ ನಿಂತಿರುವುದು ಇದೇ ಕಾರಣಕ್ಕೆ.

ಗ್ಲಾಸು ಮನೆಯಲ್ಲೇ ಹಾಕುವ ಶೂರರೂ ಇದ್ದಾರೆ. ಅವರು ಫ್ಯಾನು ನಿಲ್ಲಿಸಲಿ. ಒದ್ದೆ ವೈಪು, ಒಣ ಬಟ್ಟೆ, ಧೂಳು ಎತ್ತುವ ಸ್ಟಿಕ್ಕರು, ಈ ಕ್ರಮದಲ್ಲಿ ಒರೆಸಲಿ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಅಲ್ಲೊಂದು ಗುಳ್ಳೆ ಕೂತು ಎರಡು ವರ್ಷ ಕಣ್ಣು ಕುಕ್ಕುತ್ತಿರುತ್ತದೆ.

ಮೊದಲ ದಿನ ಎಂಟು ಗಂಟೆ ಚಾರ್ಜಿಗೆ ಹಾಕಬೇಕು ಅಂತ ಹೇಳುವ ಮಾವಂದಿರು ಇನ್ನೂ ಇದ್ದಾರೆ. ಅದು ಹಳೇ ನಿಕ್ಕಲ್ ಬ್ಯಾಟರಿಯ ಕಾಲದ ಶಾಸ್ತ್ರ. ಈಗಿನ ಲಿಥಿಯಂ ಬ್ಯಾಟರಿಗೆ ಬೇಕಿಲ್ಲ. ಆದರೆ ಡಬ್ಬದಲ್ಲಿ ಚಾರ್ಜರೇ ಕೊಡದ ಫೋನಿಗೆ ಡ್ರಾಯರಿನಿಂದ ಹುಡುಕಿ ತೆಗೆದ 5 ವ್ಯಾಟಿನ ಹಳೇ ಚಾರ್ಜರು ಸಿಕ್ಕಿಸಿದರೆ, 5,000 ಎಂಎಎಚ್ ಬ್ಯಾಟರಿ ತುಂಬಲು ಸುಮಾರು ಐದು ಗಂಟೆ ಬೇಕು. ಮಾವನ ಮಾತು ಹೆಚ್ಚೂಕಡಿಮೆ ನಿಜವಾಯಿತು, ಕಾರಣ ಮಾತ್ರ ಬೇರೆ.

ಫೋನು ಆನ್ ಆದ ಅರ್ಧ ಗಂಟೆಯಲ್ಲಿ ಅದು ಸಿಸ್ಟಮ್ ಅಪ್‌ಡೇಟ್ ಬೇಕೆನ್ನುತ್ತದೆ, ಎರಡು ಮೂರು ಜಿಬಿ. ಹಿಂದೆಯೇ ಪ್ಲೇ ಸ್ಟೋರು ಇರುವ ಆ್ಯಪುಗಳನ್ನೆಲ್ಲ ಹೊಸದು ಮಾಡಲು ಹೊರಡುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕಿನವರ ಡೇಟಾ ಮಧ್ಯಾಹ್ನದ ಊಟದೊಳಗೆ ಖಾಲಿ. ವೈಫೈ ಸಿಕ್ಕಾಗ ಮಾತ್ರ ಅಪ್‌ಡೇಟ್ ಆಗುವಂತೆ ಮೊದಲೇ ಇಟ್ಟುಬಿಡಿ, ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಜಾಗವಿದೆ. 128 ಜಿಬಿ ಅಂತ ದುಡ್ಡು ತೆಗೆದುಕೊಂಡು ನೂರರ ಆಸುಪಾಸು ಮಾತ್ರ ಖಾಲಿ ತೋರಿಸುತ್ತಿದೆ ಅಂತ ಅಂಗಡಿಯವನ ಜತೆ ಜಗಳಕ್ಕೂ ಹೋಗಬೇಡಿ. ಉಳಿದ ಜಾಗದಲ್ಲಿ ಫೋನು ನಡೆಸುವ ಆಂಡ್ರಾಯ್ಡ್ ಕೂತಿದೆ, ಅದರ ಪಕ್ಕದಲ್ಲಿ ನೀವು ಕೇಳದೇ ಬಂದ ಹತ್ತಾರು ಆ್ಯಪುಗಳೂ ಕೂತಿವೆ. ಎರಡನೆಯವರಲ್ಲಿ ಹಲವರನ್ನು ಎಬ್ಬಿಸಿ ಕಳಿಸಬಹುದು.

ಈಗ ವಾಟ್ಸ್ಆ್ಯಪ್. ಇಲ್ಲಿ ಅವಸರಕ್ಕೆ ದಂಡ ಜೋರು. ಹೊಸ ಫೋನಿನಲ್ಲಿ ನಂಬರು ಹಾಕಿ ಆರಂಕಿಯ ಕೋಡು ಕೊಟ್ಟ ಕ್ಷಣ ಹಳೇ ಫೋನಿನ ವಾಟ್ಸ್ಆ್ಯಪ್ ಹೊರಗೆ ಬೀಳುತ್ತದೆ. ಅದಕ್ಕೆ ಮುಂಚೆ ಹಳೇ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ ಬ್ಯಾಕಪ್ ಒತ್ತಿ, ಅದು ಯಾವ ಜಿಮೇಲಿಗೆ ಹೋಗುತ್ತಿದೆ ಅಂತ ಓದಿಕೊಳ್ಳಬೇಕು. ಹೊಸ ಫೋನಿಗೂ ಅದೇ ಜಿಮೇಲು ಹಾಕಬೇಕು. ಬಹಳ ಮನೆಗಳಲ್ಲಿ ಹಳೇ ಫೋನಿನ ಜಿಮೇಲು ಅಂಗಡಿಯ ಹುಡುಗ ಅವತ್ತು ಅವನಿಗೆ ತೋಚಿದ ಹೆಸರಿನಲ್ಲಿ ಮಾಡಿಕೊಟ್ಟದ್ದು. ಅದರ ಪಾಸ್‌ವರ್ಡು ಅವನಿಗೂ ಗೊತ್ತಿಲ್ಲ, ದೇವರಿಗೂ ಗೊತ್ತಿಲ್ಲ. ಹಳೇ ಫೋನು ಕೈಯಲ್ಲಿರುವಾಗಲೇ ಪಾಸ್‌ವರ್ಡು ಬದಲಾಯಿಸಿಕೊಳ್ಳುವುದು ಸುಲಭ. ನೀವು ನೀವೇ ಹೌದೋ ಅಲ್ಲವೋ ಅಂತ ಗೂಗಲ್ಲು ಕೇಳುವುದೂ ಆ ಫೋನನ್ನೇ.

ಹೊಸ ಫೋನು "ಬ್ಯಾಕಪ್ ಸಿಕ್ಕಿದೆ, ರೀಸ್ಟೋರ್ ಮಾಡಲೇ?" ಅಂತ ಕೇಳುತ್ತದೆ. ಆಗ ಸ್ಕಿಪ್ ಒತ್ತಿದರೆ ಮೊಮ್ಮಗುವಿನ ನಾಮಕರಣದ ಫೋಟೋ, ಬೀಗರ ಒಪ್ಪಿಗೆ, ಸೈಟಿನ ಸ್ಕೆಚ್ಚು ಯಾವುದೂ ಕಾಣದ ಬೋಳು ಪರದೆ. ಗಾಬರಿ ಬೇಡ. ತಕ್ಷಣ ವಾಟ್ಸ್ಆ್ಯಪ್ ತೆಗೆದುಹಾಕಿ ಮತ್ತೆ ಹಾಕಿಕೊಂಡರೆ ಇನ್ನೊಮ್ಮೆ ಕೇಳುತ್ತದೆ. ರಾತ್ರಿ ಅದು ಆ ಖಾಲಿ ಪರದೆಯನ್ನೇ ಬ್ಯಾಕಪ್ ಮಾಡಿಕೊಂಡುಬಿಟ್ಟರೆ ಕಷ್ಟ. ಇನ್ನೊಂದು ತೊಡಕು ಜಾಗದ್ದು. ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯಲ್ಲೇ ಮೇಲು, ಫೋಟೋ, ವಾಟ್ಸ್ಆ್ಯಪ್ ಬ್ಯಾಕಪ್ ಎಲ್ಲ ಹಿಡಿಯಬೇಕು. ಶುಭೋದಯದ ಗುಲಾಬಿ ಚಿತ್ರ, ಕೈಮುಗಿದ ಗಣಪತಿ, ಅರಿಶಿನದ ಉಪಯೋಗಗಳ ವಿಡಿಯೋ ಇವುಗಳನ್ನು ಅಳಿಸದೆ ಬ್ಯಾಕಪ್ ಒತ್ತಿದರೆ ಅದು ಅರ್ಧದಲ್ಲೇ ನಿಲ್ಲುತ್ತದೆ. ಎರಡೂ ಫೋನು ಪಕ್ಕಪಕ್ಕ ಇದ್ದರೆ ಬ್ಯಾಕಪ್ಪಿನ ಗೋಜೇ ಇಲ್ಲದೆ ಕ್ಯೂಆರ್ ಕೋಡ್ ತೋರಿಸಿ ಚಾಟುಗಳನ್ನು ನೇರವಾಗಿ ದಾಟಿಸುವ ದಾರಿಯೂ ಇದೆ. ಆದರೆ ಅದಕ್ಕೂ ಹಳೇ ಫೋನು ಬೇಕಲ್ಲ, ಅದನ್ನಾಗಲೇ ಯಾರೋ ಎಕ್ಸ್‌ಚೇಂಜಿಗೆ ಕೊಟ್ಟಿರುತ್ತಾರೆ.

ಫೋನ್‌ಪೇ, ಗೂಗಲ್ ಪೇಗಳದ್ದು ಬೇರೆ ಹಟ. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ಮು ಆ ಫೋನಿನೊಳಗೇ ಇರಬೇಕು, ಅದರಿಂದ ಒಂದು ಎಸ್ಸೆಮ್ಮೆಸ್ ಹೊರಗೆ ಹೋಗಬೇಕು. ವೈಫೈ ಎಷ್ಟು ಚೆನ್ನಾಗಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಎರಡು ಸಿಮ್ಮಿದ್ದರೆ ಯಾವುದರಿಂದ ಕಳಿಸಲಿ ಅಂತ ಕೇಳುತ್ತದೆ. ಮೇಲಿರುವುದನ್ನು ಒತ್ತಿ ಮುಂದೆ ಹೋದವರಿಗೆ "ಈ ನಂಬರಿಗೆ ಖಾತೆ ಇಲ್ಲ" ಅನ್ನುವ ಉತ್ತರ. ಎಸ್ಸೆಮ್ಮೆಸ್ ಸೇರದ ಅಗ್ಗದ ಪ್ಯಾಕು ಹಾಕಿಸಿಕೊಂಡವರ ಸಂದೇಶ ಹೋಗುವುದೇ ಇಲ್ಲ, ಪುಟ್ಟದೊಂದು ಟಾಪ್‌ಅಪ್ ಇಲ್ಲದೆ ಕೆಲಸ ನಿಲ್ಲುತ್ತದೆ. ಯುಪಿಐ ಪಿನ್ ಹಳೆಯದೇ ನಡೆಯುತ್ತದೆ, ಅದು ಅಂಟಿಕೊಂಡಿರುವುದು ಬ್ಯಾಂಕ್ ಖಾತೆಗೆ. ಹೊಸ ಫೋನಿಗೆ ಹೊಸ ಪಿನ್ ಬೇಕೇನೋ ಅಂತ ಡೆಬಿಟ್ ಕಾರ್ಡು ಹುಡುಕಲು ಬೀರು ತೆಗೆಯಬೇಡಿ. ಮೊದಲ 24 ಗಂಟೆ ಕಳಿಸುವ ಮೊತ್ತಕ್ಕೆ ಸಾಮಾನ್ಯವಾಗಿ 5,000 ರೂಪಾಯಿ ಮಿತಿ ಇರುತ್ತದೆ. ಹಾಗಾಗಿ ಮನೆಬಾಡಿಗೆ ಕಟ್ಟುವ ದಿನವೇ ಫೋನು ಬದಲಿಸಿ ಮಾಲೀಕರಿಗೆ ಈ ನಿಯಮ ವಿವರಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ. ಅವರು ಅದನ್ನು ನಂಬುವುದೂ ಇಲ್ಲ.

ಇಷ್ಟು ದಾಟಿದವರಿಗೆ ಮಾಮೂಲಿ ಬಳಕೆಯ ಪರೀಕ್ಷೆ ಶುರು. ಕೆಳಗಿದ್ದ ಮೂರು ಬಟನ್ನು ಮಾಯ! ಎಡ ಅಥವಾ ಬಲ ಅಂಚಿನಿಂದ ಒಳಗೆ ಸವರಿದರೆ ಹಿಂದಕ್ಕೆ, ಕೆಳಗಿನಿಂದ ಮೇಲಕ್ಕೆ ಸವರಿದರೆ ಹೋಮ್. ಹಿಡಿಸದಿದ್ದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ನ್ಯಾವಿಗೇಷನ್ ಅಂತ ಹುಡುಕಿ ಮೂರು ಬಟನ್ನು ವಾಪಸ್ ತರಿಸಿಕೊಳ್ಳಿ, ನಾಚಿಕೆ ಏನಿಲ್ಲ. ಆಫ್ ಮಾಡಲು ಪವರ್ ಬಟನ್ ಒತ್ತಿ ಹಿಡಿದರೆ ಹಲವು ಫೋನುಗಳಲ್ಲಿ "ಏನು ಸಹಾಯ ಬೇಕು" ಅಂತ ಯಾರೋ ಕೇಳುತ್ತಾರೆ. ಪವರ್ ಜತೆಗೆ ವಾಲ್ಯೂಮ್ ಹೆಚ್ಚಿಸುವ ಬಟನ್ನನ್ನೂ (ಸ್ಯಾಮ್‌ಸಂಗಿನಲ್ಲಾದರೆ ತಗ್ಗಿಸುವ ಬಟನ್ನನ್ನು) ಒತ್ತಬೇಕು. ಸಿಟ್ಟಿನಲ್ಲಿ ಪವರ್ ಬಟನ್ನನ್ನೇ ಐದು ಸಲ ಕುಟ್ಟಿದರೆ ಕೌಂಟ್‌ಡೌನ್ ಸದ್ದು ಶುರುವಾಗಿ ಕರೆ ತುರ್ತು ಸಹಾಯದ 112ಕ್ಕೆ ಹೊರಡಬಹುದು. ಆಫ್ ಆಗುತ್ತಿಲ್ಲ ಅನ್ನುವ ದೂರನ್ನು ಅವರು ದಾಖಲಿಸಿಕೊಳ್ಳುವುದಿಲ್ಲ.

ಕರೆ ಮಾಡಿದ ಕೂಡಲೇ ಪರದೆ ಕಪ್ಪಾಗಿ, ಕಟ್ ಮಾಡಲೂ ಆಗದೆ, ಎರಡೂ ಕಡೆಯವರು "ಇಡ್ತೀನಿ", "ಆಯ್ತು ಇಡು" ಅನ್ನುತ್ತಲೇ ಇರುವ ದೃಶ್ಯ ಸಾಮಾನ್ಯ. ಕಿವಿಯ ಹತ್ತಿರ ಹೋದಾಗ ಪರದೆ ಆರಿಸುವ ಸೆನ್ಸರ್ ಮೇಲಂಚಿನಲ್ಲಿದೆ. ಅದರ ಮೇಲೆ ಗ್ಲಾಸೋ ಪೌಚೋ ಕೂತಿದ್ದರೆ ಫೋನಿಗೆ ಸದಾ ಕಿವಿ ಪಕ್ಕದಲ್ಲೇ ಇದ್ದಂತೆ. ಗ್ಲಾಸನ್ನು ಒಂದು ಎಳೆ ಕೆಳಗೆ ಸರಿಸಿ ಹಾಕಿಸಿ. ಅಲ್ಲಿಯವರೆಗೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಪವರ್ ಬಟನ್ನಿನಿಂದ ಕರೆ ಮುಗಿಸುವ ಆಯ್ಕೆ ಆನ್ ಮಾಡಿಟ್ಟುಕೊಳ್ಳಿ.

ಎಲ್ಲಕ್ಕಿಂತ ದೊಡ್ಡ ನಾಟಕ ಮಾತ್ರ ಟಾಕ್‌ಬ್ಯಾಕಿನದು. ಬಿಗಿಯಾದ ಹೊಸ ಪೌಚಿಗೆ ಫೋನನ್ನು ತುರುಕುವಾಗ ಎರಡೂ ವಾಲ್ಯೂಮ್ ಬಟನ್ನುಗಳು ಮೂರು ಸೆಕೆಂಡು ಒಟ್ಟಿಗೆ ಅದುಮಿಕೊಳ್ಳುತ್ತವೆ. ಪರದೆಯ ಮೇಲೆ ಬಂದ ಪ್ರಶ್ನೆಗೆ ಅಮ್ಮ ಓದದೆ ಸರಿ ಅಂದಿರುತ್ತಾರೆ. ಮರುಕ್ಷಣ ಫೋನಿಗೆ ಮಾತು ಬರುತ್ತದೆ. ಮನೆಯ ಇನ್ನೊಂದು ಫೋನಿನಿಂದ ಮಗನಿಗೆ ಕರೆ ಹೋಗುತ್ತದೆ: "ಲೋ, ಮುಟ್ಟಿದ್ದನ್ನೆಲ್ಲ ಓದ್ತಿದೆ ಕಣೋ. ಸೆಟ್ಟಿಂಗ್ಸು ಒತ್ತಿದ್ರೆ ಸೆಟ್ಟಿಂಗ್ಸು ಅಂತ ಹೇಳಿ ಸುಮ್ನಾಗುತ್ತೆ." "ಇನ್ನೊಂದ್ಸಲ ಒತ್ತಮ್ಮ." "ಇನ್ನೊಂದ್ಸಲ ಹೇಳ್ತು!"

ಇದು ಕಣ್ಣು ಕಾಣದವರಿಗಾಗಿ ಮಾಡಿದ ಅದ್ಭುತ ಸೌಲಭ್ಯ, ಅದರ ರೀತಿನೀತಿಯೇ ಬೇರೆ. ಒಮ್ಮೆ ಮುಟ್ಟಿದರೆ ಓದುತ್ತದೆ, ಅದರ ಸುತ್ತ ಒಂದು ಚೌಕ ಮೂಡುತ್ತದೆ. ಆಮೇಲೆ ಪರದೆಯ ಮೇಲೆ ಎಲ್ಲಾದರೂ ಪಟಪಟನೆ ಎರಡು ಸಲ ತಟ್ಟಿದರೆ ಅದು ತೆರೆಯುತ್ತದೆ. ಮೇಲೆ ಕೆಳಗೆ ಸರಿಸಲು ಒಂದು ಬೆರಳು ಸಾಲದು, ಎರಡು ಬೆರಳು ಬೇಕು. ಪಿನ್ ಹಾಕುವಾಗ ಪ್ರತಿ ಅಂಕಿಗೂ ಮುಟ್ಟು, ತಟ್ಟು, ತಟ್ಟು. ಇಷ್ಟೆಲ್ಲ ಸರ್ಕಸ್ಸಿಲ್ಲದೆ ಅದೇ ಎರಡು ವಾಲ್ಯೂಮ್ ಬಟನ್ನುಗಳನ್ನು ಮತ್ತೆ ಮೂರು ಸೆಕೆಂಡು ಹಿಡಿದರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಮಗನಿಗೆ ಇದು ಹೊಳೆಯುವ ಹೊತ್ತಿಗೆ ಅಪ್ಪ ಬ್ಯಾಟರಿ ಕಿತ್ತು ಹಾಕೋಣ ಅಂತ ಪೌಚು ಬಿಚ್ಚಿ, ಹಿಂದಿನ ಮುಚ್ಚಳಕ್ಕೆ ಉಗುರು ಹಾಕುತ್ತಿರುತ್ತಾರೆ. ಆ ಮುಚ್ಚಳ ಅಂಟು ಹಾಕಿ ಕೂರಿಸಿದ್ದು. ಬರುವುದಿಲ್ಲ, ಬರಲೂಬಾರದು.

ಕನ್ನಡದಲ್ಲಿ ಬರೆಯಲು ಗೂಗಲ್ಲಿನ ಕೀಬೋರ್ಡಾದ ಜಿಬೋರ್ಡಿನ ಭಾಷೆಗಳಲ್ಲಿ ಕನ್ನಡ ಸೇರಿಸಿ, ಸ್ಪೇಸ್ ಬಾರನ್ನು ಒತ್ತಿ ಹಿಡಿದರೆ ಭಾಷೆ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ವಿಧಾನ ಆರಿಸಿಕೊಂಡವರು ಮೇಲೆ ಬರುವ ಸಲಹೆಗಳನ್ನು ನೋಡಿ ಒತ್ತಲಿ. ಇಲ್ಲದಿದ್ದರೆ "ಹಾಲು ಬಂತು" ಅಂತ ಹೊರಟ ಸಂದೇಶ "ಹಾಳು ಬಂತು" ಆಗಿ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಪ್ರತ್ಯಕ್ಷವಾಗುತ್ತದೆ, ಅದೇ ಹೊತ್ತಿಗೆ ಹೊಸ ಬಾಡಿಗೆದಾರರ ಲಾರಿ ಗೇಟಿನಲ್ಲಿ ನಿಂತಿರುತ್ತದೆ.

ಕೊನೆಗೆ ಹಳೇ ಫೋನು. ಒಂದು ವಾರವಾದರೂ ಕಪಾಟಿನಲ್ಲಿರಲಿ. ಬ್ಯಾಂಕು, ಕಾಂಟ್ಯಾಕ್ಟು, ಫೋಟೋ ಏನೋ ಒಂದು ಮರೆತದ್ದು ಅಷ್ಟರೊಳಗೆ ನೆನಪಾಗುತ್ತದೆ. ಆಮೇಲೆ ತಮ್ಮನ ಮಗನಿಗೆ ಕೊಡುವಾಗ ಮೊದಲು ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ತೆಗೆದು, ನಂತರ ಫೋನಿನಲ್ಲಿರುವುದನ್ನೆಲ್ಲ ಅಳಿಸುವ ಫ್ಯಾಕ್ಟರಿ ರೀಸೆಟ್ ಮಾಡಿ. ಅಕೌಂಟು ತೆಗೆಯದೆ ಬಟನ್ನುಗಳನ್ನು ಒತ್ತಿ ಹಿಡಿದು ರೀಸೆಟ್ ಮಾಡಿದರೆ ಅದು ಕಳ್ಳರ ಕೈ ಸೇರಿದೆ ಅಂತಲೇ ತಿಳಿದು ಹಿಂದಿನ ಜಿಮೇಲು ಪಾಸ್‌ವರ್ಡು ಕೇಳುತ್ತಾ ಕೂರುತ್ತದೆ. ಟ್ರೇಯಲ್ಲಿ ಮೆಮೊರಿ ಕಾರ್ಡು ಉಳಿದಿದೆಯೇ ಅಂತಲೂ ನೋಡಿಕೊಳ್ಳಿ. ರೀಸೆಟ್ಟು ಸಾಮಾನ್ಯವಾಗಿ ಅದನ್ನು ಅಳಿಸುವುದಿಲ್ಲ, ತಮ್ಮನ ಮಗ ಅದನ್ನು ನೋಡದೆ ಬಿಡುವುದಿಲ್ಲ.