ಬಚ್ಚಲುಮನೆಯಿಂದ ಕಾಣುತ್ತಿದ್ದ ಬೆಟ್ಟ

ಮೈಸೂರಿನಲ್ಲಿ ನಾವು ಏಳು ವರ್ಷ ಬಾಡಿಗೆಗಿದ್ದ ಮನೆಯಿಂದ ಚಾಮುಂಡಿ ಬೆಟ್ಟ ಕಾಣುತ್ತಿತ್ತು. ಆದರೆ ಒಂದೇ ಕಡೆಯಿಂದ, ಬಚ್ಚಲುಮನೆಯ ವೆಂಟಿಲೇಟರಿನಿಂದ. ಅದೂ ತುದಿಗಾಲಲ್ಲಿ ನಿಂತರೆ. ಪಕ್ಕದ ರೂಮಿನಲ್ಲಿ ಅದೇ ದಿಕ್ಕಿನ ಗೋಡೆಯನ್ನು ಬೀರು ಇಡೋಕೆ ಅಂತ ಪೂರ್ತಿ ಮುಚ್ಚಿದ್ದರು. ದೊಡ್ಡ ಕಿಟಕಿ ಇದ್ದದ್ದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆಗೆ. ಏಳು ವರ್ಷ ಅಮ್ಮ ಆ ಟ್ಯಾಂಕನ್ನೇ ನೋಡಿದರು.

ಹೋದ ವರ್ಷ ನಮ್ಮದೇ ಮನೆ ಕಟ್ಟಿಸಿದೆವು. 30-40 ಸೈಟು. ಕೈಗೆ ಬಂದ ಪ್ಲಾನಿನಲ್ಲಿ ಕಿಟಕಿಗಳಿಗೆಲ್ಲ ಡಬ್ಲ್ಯೂ-1, ಡಬ್ಲ್ಯೂ-2 ಅಂತ ಹೆಸರು, ಪಕ್ಕದಲ್ಲಿ ಅಳತೆ. ಸೈಟಿನ ಗೆರೆಯಿಂದ ಆಚೆ ಹಾಳೆ ಬರೀ ಬಿಳಿ. ಕಿಟಕಿಯಾಚೆ ಮರ ಇದೆಯಾ, ಗೋಡೆ ಇದೆಯಾ, ಬೆಟ್ಟ ಇದೆಯಾ, ಒಂದೂ ಇಲ್ಲ. ಆ ಹಾಳೆ ನೋಡಿದಾಗಿನಿಂದ ನನಗೆ ಇದೇ ಯೋಚನೆ. ಗಾಳಿ-ಬೆಳಕಿನ ಲೆಕ್ಕ ಹಾಕಿ ಕಿಟಕಿ ಇಡುತ್ತೇವೆ. ಏನು ಕಾಣಬೇಕು, ಯಾರಿಗೆ ಕಾಣಬೇಕು ಅಂತ ಕೇಳೋದೇ ಇಲ್ಲ.

ಕ್ಯಾಮೆರಾ ಅನ್ನೋ ಲ್ಯಾಟಿನ್ ಪದಕ್ಕೆ ಕೋಣೆ ಅಂತಲೇ ಅರ್ಥ. ಒಂದು ಕತ್ತಲ ಕೋಣೆ, ಗೋಡೆಯಲ್ಲೊಂದು ಸಣ್ಣ ತೂತು, ಇಷ್ಟಿದ್ದರೆ ಕ್ಯಾಮೆರಾ ಆಯಿತು. ನಂಬಿಕೆ ಬರದಿದ್ದರೆ ಹಂಪಿಗೆ ಹೋಗಿ. ವಿರೂಪಾಕ್ಷನ ಗುಡಿಯಲ್ಲಿ ಗರ್ಭಗುಡಿಯ ಹಿಂದೆ ಕತ್ತಲಿನ ಒಂದು ಜಾಗ ಇದೆ. ಅಲ್ಲಿನ ಗೋಡೆಯ ಮೇಲೆ ಪೂರ್ವದ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಒಂಬತ್ತು ಅಂತಸ್ತಿನ, ಸುಮಾರು 50 ಮೀಟರ್ ಎತ್ತರದ ಗೋಪುರ ಅದು. ನನ್ನ ಮಗಳು ಬೆಳಕಿಗೆ ಅಂಗೈ ಅಡ್ಡ ಹಿಡಿದಳು. ಗೋಪುರದ ತುದಿ ಅವಳ ಮಣಿಕಟ್ಟಿನ ಹತ್ತಿರ ಬಂದು ಕೂತಿತು. ಕೈ ಮುಚ್ಚಿದಳು, ಮತ್ತೆ ತೆರೆದಳು. ಅಲ್ಲೇ ಇತ್ತು.

ಬೆಳಕು ನೆಟ್ಟಗೆ ಹೋಗುತ್ತದೆ, ಅಷ್ಟೇ ಅದರ ಗುಟ್ಟು. ಗೋಪುರದ ತುದಿಯಿಂದ ಹೊರಟ ಬೆಳಕು ತೂತಿನಲ್ಲಿ ಇಳಿಜಾರಾಗಿ ನುಗ್ಗಿ ಗೋಡೆಯ ಕೆಳಗೆ ಬೀಳುತ್ತದೆ. ಬುಡದಿಂದ ಬಂದದ್ದು ಮೇಲೆ ಹೋಗುತ್ತದೆ. ಈಗ ಆ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಅಂದುಕೊಳ್ಳಿ. ಬೆಳಕು ಜಾಸ್ತಿ ಬರುತ್ತದೆ, ಗೋಪುರ ಕಲಸಿಹೋಗುತ್ತದೆ. ಇನ್ನೂ ದೊಡ್ಡದು ಮಾಡಿದರೆ ಗೋಪುರವೇ ಇಲ್ಲ, ಬರೀ ಬೆಳಗಿದ ಗೋಡೆ. ಗೋಡೆ ತುಂಬ ಗಾಜು ಹಾಕಿಸಿ, ಮೂರನೇ ದಿನಕ್ಕೆ ಪರದೆ ಎಳೆದು ಕೂತ ಮನೆಗಳನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಚಂಡೀಗಢವನ್ನು ರೂಪಿಸಿದ ಲೆ ಕಾರ್ಬೂಸಿಯೆ 1923-24ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದಲ್ಲಿ ತನ್ನ ಅಪ್ಪ-ಅಮ್ಮನಿಗೆ ಒಂದು ಪುಟ್ಟ ಮನೆ ಕಟ್ಟಿದರು. ಅದರಲ್ಲಿ 11 ಮೀಟರ್ ಉದ್ದದ ಒಂದೇ ಕಿಟಕಿ, ಸರೋವರಕ್ಕೆ ಮುಖಮಾಡಿ. ಅಡ್ಡಡ್ಡ ಉದ್ದಕ್ಕೆ ಹೋಗುವ ಇಂಥ ಕಿಟಕಿ ಅವರ ಗುರು ಆಗಸ್ಟ್ ಪೆರೆಗೆ ಹಿಡಿಸುತ್ತಿರಲಿಲ್ಲ. ಕಿಟಕಿ ಅಂದರೆ ಮನುಷ್ಯ ನಿಂತ ಹಾಗೆ ನೆಟ್ಟಗಿರಬೇಕು, ನೆಲದಿಂದ ಆಕಾಶದವರೆಗೆ ತೋರಿಸಬೇಕು ಅನ್ನೋದು ಪೆರೆಯ ವಾದ. ಇಬ್ಬರೂ ಇದಕ್ಕಾಗಿ ಬಹಿರಂಗವಾಗಿಯೇ ಜಗಳ ಆಡಿದರು. ಕಿಟಕಿಗೆ ಜಗಳ ಆಡಬಹುದು ಅಂತ ಓದಿದಾಗ ನನಗೆ ಎಷ್ಟು ಧೈರ್ಯ ಬಂತು ಗೊತ್ತಾ?

ಆದರೆ ಆ ಮನೆಯಲ್ಲಿ ನನ್ನ ಮನಸ್ಸು ನಿಂತದ್ದು ತೋಟದ ಗೋಡೆಯಲ್ಲಿ. ಅಷ್ಟು ದೊಡ್ಡ ಸರೋವರ ಕಣ್ಣೆದುರಿಗಿದ್ದರೂ ತೋಟದಲ್ಲಿ ಅದಕ್ಕೆ ಅಡ್ಡವಾಗಿ ಗೋಡೆ ಎಬ್ಬಿಸಿದರು. ಆ ಗೋಡೆಯಲ್ಲಿ ಒಂದೇ ಒಂದು ಚೌಕದ ಕಂಡಿ ಬಿಟ್ಟು, ಕೆಳಗೆ ಒಂದು ಮೇಜು ಹಾಕಿದರು. ಎಲ್ಲ ಕಡೆಯಿಂದ ಎಲ್ಲ ಹೊತ್ತೂ ಕಾಣುವ ನೋಟ ಬೇಗ ದಣಿಸುತ್ತದೆ ಅನ್ನೋದು ಅವರ ಲೆಕ್ಕ. ಅಪ್ಪ ಬೇಗ ತೀರಿಕೊಂಡರು. ಅಮ್ಮ 1960ರವರೆಗೆ, ಕೊನೆಯ ತನಕ, ಅಲ್ಲೇ ಇದ್ದರು.

ಉಡುಪಿಯ ಕೃಷ್ಣನನ್ನು ಒಂಬತ್ತು ಕಿಂಡಿಗಳ ಕಿಟಕಿಯಿಂದಲೇ ನೋಡಬೇಕು. ಜನ ಸಾಲಿನಲ್ಲಿ ಬಂದು, ಬಗ್ಗಿ, ಕಣ್ಣನ್ನು ಕಿಂಡಿಗೆ ಹೊಂದಿಸಿಕೊಳ್ಳುತ್ತಾರೆ. ಹೊರಗಡೆ ಕನಕನ ಕಿಂಡಿ. ಒಳಗೆ ಬಿಡದ ಭಕ್ತನಿಗಾಗಿ ಗೋಡೆ ಬಿರಿಯಿತು, ದೇವರು ಇತ್ತ ತಿರುಗಿದ ಅಂತ ಕಥೆ. ಅದನ್ನು ಬರೀ ಚೆಂದದ ಫ್ರೇಮ್ ಅನ್ನೋಕೆ ನನಗೆ ಮನಸ್ಸು ಬರೋದಿಲ್ಲ. ಯಾರು ನೋಡಬಹುದು, ಎಲ್ಲಿ ನಿಂತು ನೋಡಬೇಕು ಅಂತ ಗೋಡೆ ತೀರ್ಮಾನ ಮಾಡುತ್ತದೆ. ನಮ್ಮ ಮನೆಯ ಗೋಡೆಗಳೂ ಅದನ್ನೇ ಮಾಡುತ್ತವೆ ಅಲ್ವಾ?

ಸಾಮಾನ್ಯವಾಗಿ ಕಿಟಕಿಯ ಸಿಲ್, ಅಂದರೆ ಅದರ ಕೆಳಗಿನ ಅಂಚು, ನೆಲದಿಂದ ಮೂರಡಿಗೆ ಇಡುತ್ತಾರೆ. ನಿಂತವರಿಗೆ ಸರಿ, ಕುರ್ಚಿಯಲ್ಲಿ ಕೂತವರಿಗೂ ನಡೆಯುತ್ತದೆ. ನೆಲದ ಮೇಲೆ ಕೂತರೆ ಕಣ್ಣು ಇರೋದೇ ಎರಡೂವರೆ ಅಡಿ ಎತ್ತರದಲ್ಲಿ. ನಮ್ಮಮ್ಮ ಸೊಪ್ಪು ಬಿಡಿಸೋದು, ಅವರೆಕಾಳು ಹಿಸುಕೋದು, ಪೇಪರ್ ಓದೋದು ಎಲ್ಲ ನೆಲದ ಮೇಲೆ ಕೂತೇ. ಅವರಿಗೆ ಸಿಗೋದು ಒಂದು ತುಂಡು ಆಕಾಶ ಮಾತ್ರ.

"ಒಂದೂವರೆ ಅಡಿಗೆ ಸಿಲ್ ಯಾರೂ ಇಡಲ್ಲ ಮೇಡಂ, ಮಳೆ ಇರಚಲು ಒಳಗೆ ಬರುತ್ತೆ" ಅಂದರು ಮೇಸ್ತ್ರಿ. ಸಜ್ಜಾ ಮುಂದಕ್ಕೆ ಎಳೆಯೋಣ ಅಂದೆ. ಅಮ್ಮನನ್ನು ಸೈಟಿಗೆ ಕರೆದುಕೊಂಡು ಹೋಗಿ, ಸಿಮೆಂಟ್ ಚೀಲ ಹಾಸಿ, ಹಾಲ್ ಆಗಬೇಕಾದ ಜಾಗದಲ್ಲಿ ಕೂರಿಸಿದೆ. ಮೇಸ್ತ್ರಿ ಎರಡು ಕಡೆ ದಾರ ಹಿಡಿಸಿ ಮೇಲೆ ಕೆಳಗೆ ಮಾಡಿದರು. "ಇನ್ನೂ ಕೆಳಗೆ... ಹಾಂ, ಅಲ್ಲಿಗೆ ನಿಲ್ಲಿಸಪ್ಪ" ಅಂದರು ಅಮ್ಮ. ಹದಿನೆಂಟು ಇಂಚು. ಆಮೇಲೆ ರಸ್ತೆ ಕಡೆಯ ಕಾಂಪೌಂಡನ್ನೂ ಮೂರಡಿಗೆ ಇಳಿಸಿದೆವು.

ಈಗ ಅಲ್ಲಿ ಕೂತರೆ ರಸ್ತೆಯಾಚೆಯ ಹೊಂಗೆ ಮರ ಕಾಣುತ್ತದೆ. ಅದರ ಎಡಕ್ಕೆ ಬೆಟ್ಟ. ಸಂಜೆ ಬೆಟ್ಟದ ರಸ್ತೆಯ ದೀಪ ಹತ್ತಿದಾಗ ಅಮ್ಮ ಅಡುಗೆಮನೆಗೆ ಕೇಳುವ ಹಾಗೆ ಕೂಗಿ ಹೇಳುತ್ತಾರೆ, "ಹತ್ತಿತು ನೋಡೇ."

ಎದುರಿನ ಸೈಟು ಇನ್ನೂ ಖಾಲಿ ಇದೆ. ಮೊನ್ನೆ ಯಾರೋ ಬಂದು ಟೇಪು ಹಿಡಿದು ಅಳೆದುಕೊಂಡು ಹೋದರು. ಅವರು ಮತ್ತೆ ಬಂದಾಗ ಒಳಗೆ ಕರೆದು, ಕಾಫಿ ಕೊಟ್ಟು, ಅಮ್ಮನ ಜಾಗದಲ್ಲಿ ಒಂದು ಐದು ನಿಮಿಷ ಕೂರಿಸಬೇಕು ಅಂದುಕೊಂಡಿದ್ದೇನೆ.