ಉಸಿರಿನ ಮಷೀನು: ಆಟೋ ಬೇಕೋ, ಫಿಕ್ಸೆಡ್ ಸಾಕೋ?

ಪರ: ನಿನ್ನೆಯ ನಿದ್ದೆ ಇವತ್ತಿಲ್ಲ

ನನ್ನ ಗೊರಕೆ ಧಾರವಾಡದ ನಮ್ಮ ಓಣಿಗೆಲ್ಲ ಗೊತ್ತು. ಆದರೆ ಗೊರಕೆ ನಿಂತಾಗಲೇ ಮನೆಯಾಕೆಗೆ ಹೆದರಿಕೆ. ಎದ್ದು ಕೂತು ಎಣಿಸುತ್ತಿದ್ದಳು. ಇಪ್ಪತ್ತು ಎಣಿಸುವ ಹೊತ್ತಿಗೆ ನಾನು ಗಕ್ಕನೆ ಉಸಿರೆಳೆದು ಮಗ್ಗಲು ಬದಲಿಸುತ್ತಿದ್ದೆ. ಉಸಿರು 10 ಸೆಕೆಂಡಾದರೂ ನಿಂತರೆ ಅಥವಾ ತೀರಾ ಇಳಿದರೆ ಡಾಕ್ಟರು ಒಂದು ಸಲ ಎಂದು ಲೆಕ್ಕ ಹಿಡಿಯುತ್ತಾರೆ. ಗಂಟೆಗೆ 30 ಮುಟ್ಟಿದರೆ ತೀವ್ರ. ನಂದು 38.

ನಿದ್ದೆಯಲ್ಲಿ ಉಸಿರು ನಿಲ್ಲುವ ಈ ಕಾಯಿಲೆಗೆ ಕೊಡುವ ಸಿಪ್ಯಾಪ್ ಮಷೀನು ಮಾಡುವುದಿಷ್ಟೇ. ಮಾಸ್ಕ್ ಮೂಲಕ ಗಾಳಿ ತಳ್ಳಿ ಗಂಟಲು ಮುಚ್ಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಎಷ್ಟು ಒತ್ತಡ ಬೇಕು? ಅಂಗಾತ ಮಲಗಿದರೆ ಜಾಸ್ತಿ, ಮಗ್ಗಲಾದರೆ ಕಡಿಮೆ. ಕನಸು ಬೀಳುವ ನಿದ್ದೆಯಲ್ಲಿ ಇನ್ನೂ ಜಾಸ್ತಿ. ಮೂಗು ಕಟ್ಟಿದ ದಿನ (ಹುಬ್ಬಳ್ಳಿಯ ಧೂಳು ಕುಡಿದು ಬಂದ ದಿನ ಅನ್ನಿ) ಲೆಕ್ಕವೇ ಬೇರೆ. ಇಷ್ಟಕ್ಕೆಲ್ಲ ಫಿಕ್ಸೆಡ್ ಮಷೀನಿನ ಹಾಗೆ ರಾತ್ರಿಯಿಡೀ ಒಂದೇ ಅಂಕಿ ಅಂದರೆ ಹೇಗೆ? ಆಟೋ ಮಷೀನು ಪ್ರತಿ ಉಸಿರಿನ ಹರಿವು ನೋಡುತ್ತದೆ. ಗೊರಕೆಯ ಅದುರು ಹಿಡಿಯುತ್ತದೆ. ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದ ನಡುವೆ ತಾನೇ ಏರಿಳಿಯುತ್ತದೆ.

ಫಿಕ್ಸೆಡ್‌ಗೆ ಸರಿಯಾದ ಪ್ರೆಶರ್ ಹುಡುಕಲು ತಲೆಗೆಲ್ಲ ವೈರ್ ಅಂಟಿಸಿಕೊಂಡು ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ. ಗದಗ, ಹಾವೇರಿ ಕಡೆಯಿಂದ ಬರುವವರಿಗೆ ಆ ಒಂದು ರಾತ್ರಿ ಅಂದರೆ ಎರಡು ದಿನದ ಕೂಲಿ ಹೋದಂತೆ. ಆಟೋದಲ್ಲಿ ಆ ಹುಡುಕಾಟ ಮನೆಯ ಹಾಸಿಗೆಯಲ್ಲೇ ಮುಗಿಯುತ್ತದೆ.

ವಿರೋಧ: ಮೊದಲು ಮಾಸ್ಕ್ ನೋಡಿ

ಹುಬ್ಬಳ್ಳಿಯಲ್ಲಿ ಈ ಮಷೀನು ಹೊಂದಿಸಿಕೊಡುವುದು ನನ್ನ ಕೆಲಸ. ಆಟೋ ಮಾರಿದರೆ ನನಗೇ ಲಾಭ. ಆದರೂ ಎಲ್ಲರಿಗೂ ಅದು ಬೇಕಿಲ್ಲ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲ್ಲಿವನ್ ಈ ಚಿಕಿತ್ಸೆ ಲೋಕಕ್ಕೆ ತಿಳಿಸಿದಾಗ ಆಟೋ ಇರಲೇ ಇಲ್ಲ. ಇವತ್ತಿಗೂ ಉಸಿರು ನಿಲ್ಲುವುದನ್ನು ತಡೆಯುವುದರಲ್ಲಿ, ಹಗಲಿನ ತೂಕಡಿಕೆ ಇಳಿಸುವುದರಲ್ಲಿ ಎರಡೂ ಹೆಚ್ಚುಕಮ್ಮಿ ಸಮ. ಬೆಲೆ ಮಾತ್ರ ಸಮ ಇಲ್ಲ.

ಹೃದಯ ಸೋತ ಕೆಲವರಲ್ಲಿ ಗಂಟಲು ತೆರೆದೇ ಇರುತ್ತದೆ, ಉಸಿರಾಡು ಅಂತ ಮೆದುಳೇ ಹೇಳುವುದಿಲ್ಲ. ಅಂಥವರಿಗೆ ಸುಮ್ನೆ ಆಟೋ ಕೊಟ್ಟು ಕಳಿಸುವುದು ತಪ್ಪು. ಪರೀಕ್ಷೆ ತಪ್ಪಿಸುವ ದಾರಿ ಅಲ್ಲ ಅದು.

ಮೊನ್ನೆ ಒಬ್ಬ ಯಜಮಾನರು ಫಿಕ್ಸೆಡ್ ಮಷೀನು ಹಿಡಿದು ಬಂದರು. "ಇದು ಬ್ಯಾಡ್ರೀ, ಆಟೋ ಕೊಡ್ರಿ" ಅಂದರು. ಹಾಕಿಸಿ ನೋಡಿದೆ. ದಪ್ಪ ಮೀಸೆ. ಮಾಸ್ಕಿನ ಅಂಚಿನಿಂದ ಗಾಳಿ ಪುಸ್ ಎಂದು ಸೋರಿ ನೇರ ಕಣ್ಣಿಗೆ ಹೊಡೆಯುತ್ತಿತ್ತು. ಇಂಥ ಸೋರಿಕೆ ಇದ್ದರೆ ಆಟೋ ಇನ್ನಷ್ಟು ದಾರಿ ತಪ್ಪುತ್ತದೆ. ಉಸಿರಿನ ಲೆಕ್ಕವೇ ಕೆಡುತ್ತದೆ ಅಲ್ವಾ? ಮೀಸೆ ತೆಗೀರಿ ಅನ್ನೋಕೆ ನನಗೆ ಧೈರ್ಯ ಬರಲಿಲ್ಲ. ಮೂಗಿನ ಹೊಳ್ಳೆಗೆ ಕೂರುವ ಸಣ್ಣ ಮಾಸ್ಕ್ ಕೊಟ್ಟೆ. ವಾರದ ನಂತರ ಫೋನ್ ಬಂತು. "ನಿದ್ದಿ ಚಲೋ ಬರ್ತೈತ್ರೀ. ಕನಸು ಭಾಳ ಬೀಳಾಕತ್ತಾವು, ಅದಕ್ಕೇನ್ ಮಾಡೂದು?"