ಪುಣೆಯ ರದ್ದಿ, ನಮ್ಮೂರ ಬಚ್ಚಲ ಒಲೆ

ಹೋದ ವಾರ ಪಿಜ್ಜಾ ತಿಂದು ಅದರ ಡಬ್ಬಿಯನ್ನು ಹಾಗೇ ಒಣ ಕಸಕ್ಕೆ ತುರುಕಿದ್ದೆ. ಬೆಳಗ್ಗೆ ಕಸ ಒಯ್ಯಲು ಬಂದ ಅಕ್ಕ ಅದನ್ನು ಎತ್ತಿ ನೋಡಿದರು. "ದಾದಾ, ಹೇ ತೇಲಕಟ್ ಆಹೇ" ಅಂದರು. ಎಣ್ಣೆ ಹತ್ತಿದೆ ಅಂತ. ಮುಚ್ಚಳವನ್ನು ಹರಿದು ರಟ್ಟಿನ ಚೀಲಕ್ಕೆ ಹಾಕಿದರು, ತಳ ಹಸಿ ಕಸಕ್ಕೆ ಹೋಯಿತು. ಅಂಗಡಿಯ ಬಿಲ್ಲನ್ನು ಉಗುರಿನಿಂದ ಗೀರಿದರು. ಕಪ್ಪು ಗೆರೆ ಮೂಡಿತು. ರಾಸಾಯನಿಕ ಬಳಿದ ಕಾಗದ, ಅದೂ ರದ್ದಿಗೆ ಬೇಡ.

ನಾನು ಧಾರವಾಡದವನು, ಈಗ ಇರೋದು ಪುಣೆಯಲ್ಲಿ. ನಮ್ಮ ಮನೆಯಲ್ಲಿ ಕಾಗದ ಸುಮ್ನೆ ಬಿಸಾಡಿದ್ದೇ ಇಲ್ಲ. ಓದಿದ ಪೇಪರ್ ಕಪಾಟಿನ ಹಲಗೆಗೆ ಹಾಸು, ಪುಸ್ತಕಕ್ಕೆ ಹೊದಿಕೆ, ಕೊನೆಗೆ ಬಚ್ಚಲ ಒಲೆಗೆ. ನೀರು ಕಾಯಿಸಲು ಅವ್ವನಿಗೆ ದಿನಾ ಎರಡು ಹಾಳೆ ಬೇಕು. ಇದೇ ದೊಡ್ಡ ಉಳಿತಾಯ ಅಂದುಕೊಂಡಿದ್ದೆವು. ಆದರೆ ಒಲೆಗೆ ಹೋದ ಹಾಳೆ ಮತ್ತೆ ಹಾಳೆ ಆಗೋದಿಲ್ಲ, ಅಲ್ವಾ?

ಮಿಲ್ಲಿಗೆ ಹೋದರೆ ಆಗುತ್ತದೆ. ಅಲ್ಲಿ ದೊಡ್ಡ ಮಿಕ್ಸರಿನಂಥ ತೊಟ್ಟಿಯಲ್ಲಿ ರದ್ದಿಯನ್ನು ನೀರಿಗೆ ಹಾಕಿ ಅಂಬಲಿಯಂತೆ ಕಲಸುತ್ತಾರೆ. ಪಿನ್ನು, ಪ್ಲಾಸ್ಟಿಕ್ ಸೋಸಿ ತೆಗೆಯುತ್ತಾರೆ. ಬಿಳಿ ಕಾಗದ ಬೇಕಿದ್ದರೆ ಸೋಪಿನಂಥದ್ದು ಬೆರೆಸಿ ಗಾಳಿ ಊದುತ್ತಾರೆ. ಶಾಯಿ ಗುಳ್ಳೆಗೆ ಅಂಟಿ ಮೇಲೆ ಬರುತ್ತದೆ. ಬೇಳೆ ಬೇಯುವಾಗ ನೊರೆ ತೆಗೀತೀವಲ್ಲ, ಹಾಗೆ ತೆಗೆದುಹಾಕಿದರಾಯಿತು. ಎಣ್ಣೆ ಮಾತ್ರ ನಾರಿಗೆ ಅಂಟಿಕೊಂಡು ಕಲೆಯಾಗಿ ಉಳಿಯುತ್ತದೆ. ನನ್ನ ಪಿಜ್ಜಾ ಡಬ್ಬಿಯ ತಪ್ಪು ಅದೇ. ಮರ ಅರೆದು ಹೊಸ ಕಾಗದ ಮಾಡುವುದಕ್ಕಿಂತ ಹೀಗೆ ರದ್ದಿಯಿಂದ ಮಾಡುವುದಕ್ಕೆ ನೀರು, ಕರೆಂಟು ಎರಡೂ ಕಡಿಮೆ ಸಾಕು. ಒಂದೊಂದು ಸಲಕ್ಕೂ ನಾರು ಮೋಟಾಗುತ್ತದೆ, ಸುಮಾರು 5ರಿಂದ 7 ಸಲ ಬಾಳುತ್ತದೆ. ಮೊಟ್ಟೆ ಇಡುವ ಟ್ರೇ ನೋಡಿ, ಮೋಟು ನಾರಿಗೂ ಅಲ್ಲಿ ಜಾಗ ಇದೆ. ಇನ್ನು ಕಸದ ಗುಡ್ಡದಲ್ಲಿ ಹೂತು ಕೊಳೆತ ಕಾಗದದಿಂದ ಹುಟ್ಟೋದು ಮೀಥೇನ್.

ಪುಣೆಯವರು ನಮಗಿಂತ ಶಿಸ್ತಿನವರು ಅಂತ ನಾನು ಹೇಳೋದಿಲ್ಲ. ನಮ್ಮ ಸೊಸೈಟಿಯಲ್ಲೇ ಎಲ್ಲಾ ಒಂದೇ ಚೀಲಕ್ಕೆ ಸುರಿಯುವವರು ಇದ್ದಾರೆ. ತಿಂಗಳ ಹಣ ಕೊಡುವಾಗ ಗೊಣಗುತ್ತಾರೆ ಬೇರೆ. ಇಲ್ಲಿನ ಜಾಣತನ ಬೇರೆ ಕಡೆ ಇದೆ. ಕಸ ಆಯುವವರು 1993ರಲ್ಲೇ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಅಂತ ಸಂಘ ಕಟ್ಟಿಕೊಂಡರು. ಹೆಸರಲ್ಲೇ ಕಾಗದ, ಗಾಜು, ತಗಡು. ಅವರದೇ 'ಸ್ವಚ್ಛ' ಸಹಕಾರಿ 2008ರಿಂದ ಪಾಲಿಕೆಯ ಜತೆ ಒಪ್ಪಂದ ಮಾಡಿಕೊಂಡು ಮನೆಮನೆಯ ಕಸ ಎತ್ತುತ್ತದೆ. ಆಯ್ದ ರದ್ದಿ ಮಾರಿದ ದುಡ್ಡು ಆಯ್ದವರಿಗೇ. ಅದಕ್ಕೇ ಆ ಅಕ್ಕ ಬಿಲ್ಲನ್ನು ಗೀರಿ ನೋಡುವುದು! ನಾನು ಬೇರ್ಪಡಿಸಿದರೆ ಊರಿಗೆ ಒಳ್ಳೆಯದು ಅಂತ ಮಾಡುತ್ತೇನೆ, ಅವರಿಗೆ ಅದು ಆ ದಿನದ ಗಳಿಕೆ.

ನಮ್ಮ ಮನೆಗೂ ರದ್ದಿಯವ ಬರುತ್ತಿದ್ದ. ಅಪ್ಪ ಅವನ ತಕ್ಕಡಿಯ ಮುಳ್ಳನ್ನೇ ದಿಟ್ಟಿಸಿ ನೋಡುತ್ತಿದ್ದರು, 50 ಗ್ರಾಮಿಗೆ ಜಗಳ. ಅವನಿಗೆ ಒಂದು ಲೋಟ ನೀರು ಕೊಟ್ಟ ನೆನಪೂ ನನಗಿಲ್ಲ. ಜಾಸ್ತಿ ಹೇಳೋದು ಬೇಡ.

ಮೊನ್ನೆ ಇದನ್ನೆಲ್ಲ ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಈಗ ಸೋಲಾರ್ ಬಂದೈತಲ್ಲೋ, ಒಲಿ ಎಲ್ಲಿ ಹಚ್ಚೂದು? ಪೇಪರ್ ಎಲ್ಲಾ ಅಟ್ಟದ ಮ್ಯಾಲೆ ಬಿದ್ದಾವ. ಆ ರದ್ದಿಯವನೂ ಬರೂದು ಬಿಟ್ಟಾನ. ಯಾರಿಗೆ ಕೊಡ್ಲಿ, ಹೇಳು" ಅಂದಳು.